ಯಾವ ಸುಬ್ಬರಾಯ?

ತಾತನ ಹೆಸರು ಮೊಮ್ಮಗನಿಗೆ. ಕೇಳಲು ಚೆಂದ. ವಂಶವೃಕ್ಷ ಬರೆಯಲು ಕೂತವರಿಗೆ ಮಾತ್ರ ಇದರಷ್ಟು ಕಾಟ ಕೊಡುವ ಸಂಪ್ರದಾಯ ಇನ್ನೊಂದಿಲ್ಲ. ಸುಬ್ಬರಾಯನ ಮಗ ವೆಂಕಟರಮಣ, ಅವನ ಮಗ ಸುಬ್ಬರಾಯ, ಅವನ ಮಗ ಮತ್ತೆ ವೆಂಕಟರಮಣ. ವೆಂಕಟರಮಣನ ತಮ್ಮಂದಿರೇನು ಬಿಟ್ಟಾರೆಯೇ? ಅವರೂ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಡುತ್ತಾರೆ. ಒಂದೇ ಊರು, ಒಂದೇ ಗೋತ್ರ, ಓಣಿ ತುಂಬ ಸುಬ್ಬರಾಯರು.

ತಂದೆಯ ಹೆಸರು ನೋಡಿದರೆ ಆಯ್ತಲ್ಲ ಅನ್ನುತ್ತೀರಿ. ಆಗುವುದಿಲ್ಲ. ‘ಸುಬ್ಬರಾಯ ಬಿನ್ ವೆಂಕಟರಮಣ’ ಒಂದು ತಲೆಮಾರು ಬಿಟ್ಟು ಮತ್ತೆ ಹಾಜರಾಗುತ್ತಾನೆ. ಶ್ರಾದ್ಧದಲ್ಲಿ ಹೇಳುವ ಮೂರು ತಲೆಯ ಹೆಸರನ್ನು ಸೇರಿಸಿದರೂ ಅದೇ ರಾಗ. ಈ ಚಕ್ರವನ್ನು ಮುರಿಯುವವರು ಸೊಸೆಯರು. ಹೆಂಡತಿಯ ಹೆಸರು, ಅವಳ ತವರೂರು ಗೊತ್ತಾದರೆ ಅರ್ಧ ಗಂಟು ಬಿಚ್ಚಿದಂತೆ. ಹಳೇ ಕ್ರಯಪತ್ರದಲ್ಲಿ ‘ಲಕ್ಷ್ಮಮ್ಮ ಕೋಂ ಲೇಟ್ ಸುಬ್ಬರಾಯ’ (ಕೋಂ ಅಂದರೆ ಹೆಂಡತಿ) ಅಂತ ಒಂದು ಸಾಲು ಸಿಕ್ಕರೆ ಬಂಗಾರ: ಯಾವ ಸುಬ್ಬರಾಯ ಎಂಬುದೂ ತಿಳಿಯಿತು, ಆ ತಾರೀಕಿನ ಹೊತ್ತಿಗೆ ಅವನಿಲ್ಲ ಎಂಬುದೂ ತಿಳಿಯಿತು.

ಜಮೀನು ಯಾರದೆಂದು ಹೇಳುವ ಸರ್ಕಾರಿ ದಾಖಲೆ ಪಹಣಿ. ಅದನ್ನು ಹಾಗೆ ನಂಬಬೇಡಿ. ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸದ ಮನೆಗಳಲ್ಲಿ ತೀರಿಕೊಂಡವರು ಮೂವತ್ತು ನಲವತ್ತು ವರ್ಷ ಜಮೀನಿನ ಒಡೆಯರಾಗಿ ಆರಾಮಾಗಿರುತ್ತಾರೆ. ಪಹಣಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆಸಾಮಿ ಇದ್ದ ಎಂದಲ್ಲ. ಬದುಕಿದ್ದುದಕ್ಕೆ ಸಾಕ್ಷಿ ಬೇಕಾದರೆ ನೋಂದಣಿಯಾದ ಪತ್ರ ಹುಡುಕಿ, ಕೊನೆಯ ಪುಟಕ್ಕೆ ಹೋಗಿ. ಒಬ್ಬ ಸುಬ್ಬರಾಯ ಸುಳಿ ಸುತ್ತಿ ರುಜು ಹಾಕಿರುತ್ತಾನೆ, ಇನ್ನೊಬ್ಬ ಹೆಬ್ಬೆಟ್ಟು ಒತ್ತಿರುತ್ತಾನೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಜಾತಕದಲ್ಲಿದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ತಾತನಿಗೂ ಮೊಮ್ಮಗನಿಗೂ ಅಂತರ ಹೆಚ್ಚುಕಡಿಮೆ ಅಷ್ಟೇ. ‘ಪ್ಲವ ಸಂವತ್ಸರ, ಚಿ. ಸುಬ್ಬರಾಯನ ಜನನ’ ಎಂದಿದ್ದರೆ ಅದು 1901-02 ಇರಬಹುದು, 1961-62 ಇರಬಹುದು. ಶಾಲಿವಾಹನ ಶಕೆ ಬರೆದಿದ್ದರೆ ಬದುಕಿದಿರಿ: 78 ಕೂಡಿಸಿ, 1823 ಎಂದಿದ್ದರೆ 1901. ಕೂಸು ಜನವರಿಯಿಂದ ಯುಗಾದಿಯೊಳಗೆ ಹುಟ್ಟಿದ್ದರೆ 79 ಕೂಡಿಸಬೇಕು. ಇದನ್ನು ಮರೆತೇ ಎಷ್ಟೋ ವಂಶವೃಕ್ಷಗಳಲ್ಲಿ ಜನರು ಒಂದು ವರ್ಷ ಮೊದಲೇ ಹುಟ್ಟಿಬಿಟ್ಟಿದ್ದಾರೆ. ಶಕೆಯ ಜಾಗವನ್ನು ಗೆದ್ದಲು ತಿಂದಿದ್ದರೆ ವಾರ ನೋಡಿ. ಅರವತ್ತು ವರ್ಷ ಕಳೆದು ಅದೇ ಮಾಸ, ಅದೇ ತಿಥಿ ಬಂದಾಗ ವಾರ ಸಾಮಾನ್ಯವಾಗಿ ಬೇರೆಯಾಗಿರುತ್ತದೆ. ಎರಡೂ ವರ್ಷದ ಪಂಚಾಂಗ ತೆಗೆದು ತಾಳೆ ಹಾಕಿದರೆ ಒಬ್ಬ ಉಳಿಯುತ್ತಾನೆ.

ಇನ್ನು ಮನೆಯ ಹೆಸರುಗಳ ಕಥೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಾಗಾಗಿ ಸುಬ್ಬರಾಯನೆಂದು ನಾಮಕರಣವಾದ ಕೂಸು ಮನೆಯಲ್ಲಿ ಪುಟ್ಟಣ್ಣನಾಯಿತು, ಮೇಷ್ಟ್ರು ಶಾಲೆಯ ದಾಖಲೆಯಲ್ಲೂ ಅದನ್ನೇ ಬರೆದುಕೊಂಡರು. ಈಗ ನಿಮ್ಮ ಬಳಿ ಇಬ್ಬರಿಗೆ ಒಂದು ಹೆಸರು, ಒಬ್ಬನಿಗೆ ಎರಡು ಹೆಸರು. ದೊಡ್ಡಸುಬ್ಬಣ್ಣ, ಸಣ್ಣಸುಬ್ಬಣ್ಣ ಎಂದಿದ್ದರೆ ಅಣ್ಣತಮ್ಮಂದಿರೇ ಎಂದುಕೊಳ್ಳಬೇಡಿ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ಇರಬಹುದು.

ಆದ್ದರಿಂದ ಮೊದಲೇ ಮರ ಬರೆಯಲು ಹೋಗಬೇಡಿ. ಸಿಕ್ಕ ಒಂದೊಂದು ದಾಖಲೆಗೆ ಒಂದು ಸಾಲಿನಂತೆ ಪಟ್ಟಿ ಮಾಡಿ: ತಾರೀಕು, ಬರೆದಿರುವ ಹೆಸರು ಇದ್ದ ಹಾಗೇ, ತಂದೆ, ಹೆಂಡತಿ, ಊರು, ಸರ್ವೆ ನಂಬರ್, ರುಜುವೋ ಹೆಬ್ಬೆಟ್ಟೋ. ಯಾವ ಸುಬ್ಬರಾಯ ಎಂಬ ಕಾಲಂ ಕೊನೆಗಿರಲಿ, ಅದನ್ನು ಪೆನ್ಸಿಲ್‌ನಲ್ಲಿ ತುಂಬಿ. ಅಜ್ಜಿಯನ್ನು ಕೇಳುವಾಗಲೂ ‘ಸುಬ್ಬರಾಯ ಯಾರು’ ಅನ್ನಬೇಡಿ, ‘ತುರುವೇಕೆರೆಯಿಂದ ಬಂದ ಸೊಸೆ ಯಾರ ಹೆಂಡತಿ’ ಅನ್ನಿ. ಉತ್ತರದ ಜತೆಗೆ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದೂ ಬರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಕಂಪ್ಯೂಟರಿಗೆ ಏರಿಸಿದ ಮೇಲೆ ಅದು ವಿನಯದಿಂದ ಕೇಳುತ್ತದೆ: ಈ ಇಬ್ಬರು ಸುಬ್ಬರಾಯರು ಒಬ್ಬರೇ ಇರಬಹುದು, ಸೇರಿಸಲೇ? ಬೇಡ ಎಂದು ಒತ್ತಿ. ಹೌದು ಅಂದರೆ ತಾತನ ಮಕ್ಕಳೂ ಮೊಮ್ಮಗನ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಆಮೇಲೆ ಅವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕಳಿಸುವ ಕೆಲಸ ನಿಮ್ಮದು.