‘ಸೆಕ್ಯುರಿಟಿಗೆ ಸೇರ್ಕೋತೀರಾ?’

ಬೆಳಿಗ್ಗೆಯಿಂದ ತಲೆ ಕಾದು ಹೋಗಿದೆ. ಮನೆಯವಳು "ಬಿಪಿ ಮಾತ್ರೆ ತಗೊಂಡ್ರಾ?" ಎಂದು ಎರಡು ಸಲ ಕೇಳಿದಳು. ತಗೊಂಡಿದ್ದೇನೆ. ಇದು ಮಾತ್ರೆಗೆ ಬಗ್ಗುವ ಸಿಟ್ಟಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ನನ್ನ ಬಾಮೈದ ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದ್ದಾನೆ. "ಭಾವ, ನೀವು ಒಂದ್ಸಲ ಬಂದು ಕಣ್ಣಾಡಿಸಿ" ಎಂದು ಒಂದು ತಿಂಗಳಿಂದ ಗೋಗರೆಯುತ್ತಿದ್ದ. ಇವತ್ತು ಹೋದೆ. ಗೇಟಿನಲ್ಲಿ ನೀಲಿ ಯೂನಿಫಾರ್ಮಿನವನು ರಿಜಿಸ್ಟರ್ ಮುಂದಿಟ್ಟ. ಹೆಸರು, ಗಾಡಿ ನಂಬರ್ ಬರೆದು ತಲೆ ಎತ್ತಿದರೆ ಆಸಾಮಿ ಅಟೆನ್ಷನ್‌ನಲ್ಲಿ ನಿಂತಿದ್ದಾನೆ.

"ಜೈ ಹಿಂದ್ ಸಾಬ್."

ನಮ್ಮ ಹವಾಲ್ದಾರ್! ನಮ್ಮ ಹಾಸನ ಜಿಲ್ಲೆಯವನೇ. ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದಲ್ಲಿ ರಸ್ತೆ, ಸೇತುವೆ, ಕಟ್ಟಡ ಕಟ್ಟುವ ಪಡೆ. ನಾನು ಸುಬೇದಾರ್ ಆಗಿದ್ದಾಗ ಲಡಾಖಿನ ನ್ಯೋಮಾ ಕಡೆ ನನ್ನ ಜೊತೆ ಎರಡು ಸೀಸನ್ ಕೆಲಸ ಮಾಡಿದವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು 13 ಸಾವಿರ ಅಡಿಗೂ ಮೇಲಿನ ಜಾಗ. ಕಾಂಕ್ರೀಟ್ ಹಾಕಲು ವರ್ಷದಲ್ಲಿ ನಾಲ್ಕೈದು ತಿಂಗಳು ಸಿಕ್ಕರೆ ಪುಣ್ಯ. ಹೊರಗಿನ ಬಿಸಿ 5 ಡಿಗ್ರಿಗೆ ಇಳಿಯಿತು ಎಂದರೆ ಕೋಡ್ ಪ್ರಕಾರ ಅದು ಚಳಿಗಾಲದ ಕಾಂಕ್ರೀಟ್, ಅದರ ಲೆಕ್ಕವೇ ಬೇರೆ. ನೀರು ಕಾಯಿಸಬೇಕು. ಜಲ್ಲಿ, ಮರಳಿನಲ್ಲಿ ಮಂಜುಗಡ್ಡೆ ಇರಬಾರದು. ಹಾಕಿದ ಮೇಲೂ ಕಾಯಬೇಕು. ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿತು ಎಂದರೆ ಕಥೆ ಮುಗಿಯಿತು. ನೋಡಲು ಕಲ್ಲಿನ ಹಾಗೇ ಇರುತ್ತದೆ, ಬೇಸಿಗೆಯಲ್ಲಿ ಕೈಯಲ್ಲಿ ಕೆರೆದರೆ ಉದುರುತ್ತದೆ.

ಒಂದು ಅಕ್ಟೋಬರ್ ಕೊನೆಯಲ್ಲಿ ಈ ಪುಣ್ಯಾತ್ಮ ಸ್ಲ್ಯಾಬಿನ ಮೇಲೆ ತಾಡಪಾಲಿನ ಟೆಂಟ್ ಕಟ್ಟಿ, ಒಳಗೆ ಬುಖಾರಿ ಒಲೆ ಹಚ್ಚಿ, ಐದು ರಾತ್ರಿ ಅದರ ಪಕ್ಕದಲ್ಲೇ ಕಳೆದ. ಎರಡೆರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಹಸುಗೂಸು ಇರುವ ಮನೆಯ ಹಾಗಿತ್ತು. "ಸ್ವಲ್ಪ ಮಲ್ಕೊಳೋ" ಎಂದರೆ, "ಇದು ಮಲಗಿದ್ಮೇಲೆ ನಾನು ಮಲಗ್ತೀನಿ ಸಾಬ್" ಎನ್ನುತ್ತಿದ್ದ. 28ನೇ ದಿನಕ್ಕೆ ಅದೇ ಕಾಂಕ್ರೀಟಿನ ಪರೀಕ್ಷೆಯ ಕ್ಯೂಬ್ ಒಡೆದು ನೋಡಿದಾಗ ಎಷ್ಟು ಬಲ ಬರಬೇಕಿತ್ತೋ ಅದಕ್ಕಿಂತ ಜಾಸ್ತಿಯೇ ಬಂತು.

ಈಗ ಅವನು ಕೈಯಲ್ಲಿ ಸೀಟಿ ಹಿಡಿದು ಡೆಲಿವರಿ ಹುಡುಗರ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದಾನೆ.

ಇಷ್ಟೇ ಆಗಿದ್ದರೆ ನಾನು ಎರಡು ಮಾತಾಡಿ ಬಂದುಬಿಡುತ್ತಿದ್ದೆನೇನೋ. ನಾವು ನಿಂತಿದ್ದಾಗಲೇ ಕಲಸಿದ ಕಾಂಕ್ರೀಟ್ ತರುವ ರೆಡಿಮಿಕ್ಸ್ ಲಾರಿ ಒಂದು ಬಂತು. ಪಕ್ಕದ ಟವರಿಗೆ ಸ್ಲ್ಯಾಬ್ ಹಾಕುತ್ತಿದ್ದರು. ಡ್ರೈವರ್ ಇಳಿದು, ನಲ್ಲಿಯ ಪೈಪ್ ಎಳೆದು, ಡ್ರಮ್ಮಿನ ಬಾಯಿಗೆ ಇಟ್ಟು ಸುಮ್ನೆ ಬೀಡಿ ಹಚ್ಚಿದ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮಾಲು ಬಿಗಿಯಾಗಿತ್ತು, ಪಂಪಿನಲ್ಲಿ ಏರುವುದಿಲ್ಲ, ಅದಕ್ಕೆ ನೀರು. ಹೀಗೆ ನೀರು ಹಾಕಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎನ್ನುವುದು ಮೇಸ್ತ್ರಿಯ ಮಗನಿಗೂ ಗೊತ್ತು. ಮಾಲು ಎಷ್ಟು ತೆಳು, ಎಷ್ಟು ಬಿಗಿ ಎಂದು ಅಳೆಯುವ ಸ್ಲಂಪ್ ಕೋನ್ ಅಲ್ಲೇ ಗೋಡೆಗೆ ಒರಗಿತ್ತು. ಒಳಗೆ ಜೇಡ ಬಲೆ ಕಟ್ಟಿತ್ತು.

ನಾನು ಹವಾಲ್ದಾರನ ಮುಖ ನೋಡಿದೆ. ಅವನು ಮಾತಾಡಲಿಲ್ಲ. ರಿಜಿಸ್ಟರಿನ ಪುಟ ತಿರುವಿ ನನ್ನ ಕಡೆ ತಳ್ಳಿದ.

ಅದು ಗಾಡಿ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಬರೆಯುವ ಪುಸ್ತಕ. ಕೊನೆಯಲ್ಲಿ ‘ಷರಾ’ ಎಂದು ಒಂದು ಕಾಲಂ. ಬೇರೆ ಪಾಳಿಯವರು ಅದನ್ನು ಖಾಲಿ ಬಿಟ್ಟಿದ್ದರು. ಇವನ ಪಾಳಿಯಲ್ಲಿ ಮಾತ್ರ ದುಂಡು ಅಕ್ಷರದಲ್ಲಿ: "ಚಲನ್ 9:10, ಬಂದದ್ದು 11:50, ನೀರು ಹಾಕಿದೆ." ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ತುಂಬಿಸಿದ ಎರಡು ಗಂಟೆಯೊಳಗೆ ರೆಡಿಮಿಕ್ಸ್ ಇಳಿಸಬೇಕು ಎನ್ನುವುದು ಸಾಮಾನ್ಯ ನಿಯಮ, ಹಾಗಾಗಿ ಚಲನ್‌ನ ಹೊತ್ತನ್ನೂ ಬರೆದಿದ್ದಾನೆ. ಯಾರೂ ಹೇಳಿಲ್ಲ, ಯಾರೂ ಓದುವುದಿಲ್ಲ. ನಾಲ್ಕು ತಿಂಗಳ ಪುಟಗಳು.

"ಇಂಜಿನಿಯರಿಗೆ ಹೇಳಲಿಲ್ವೇನೋ?"

"ಹೇಳ್ದೆ ಸಾಬ್. ನಿಮ್ಮ ಡ್ಯೂಟಿ ಗೇಟ್ ಅಲ್ವಾ ಅಂಕಲ್ ಅಂದ್ರು."

ಅಂಕಲ್!

ತಮಾಷೆ ಕೇಳಿ. ವಯನಾಡಿನ ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದಾಗ ನಮ್ಮ ಎಂಇಜಿಯವರು, ಅಂದರೆ ಇದೇ ಮದ್ರಾಸ್ ಸ್ಯಾಪರ್ಸ್, 190 ಅಡಿಯ ಬೈಲಿ ಸೇತುವೆ ಕಟ್ಟಿದರು. ಉಕ್ಕಿನ ಪ್ಯಾನೆಲ್ ಜೋಡಿಸಿ ಕಟ್ಟುವ ಸೇತುವೆ ಅದು. ಆಗಸ್ಟ್ 1ರ ಸಂಜೆಗೆ ಅದರ ಮೇಲೆ ಗಾಡಿ ಓಡಿತು. ಆ ವಾರ ನನ್ನ ಫೋನಿನಲ್ಲಿ ಎಲ್ಲರ ಸ್ಟೇಟಸ್ಸೂ ಅದೇ. ಹಲಸೂರು ಕೆರೆ ಪಕ್ಕದ ಅದೇ ಸೆಂಟರಿನಲ್ಲಿ ತಯಾರಾದವನು ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಬಾರ್ ಎತ್ತುತ್ತಾನೆ, ನೀವು ಗ್ಲಾಸ್ ಇಳಿಸಿ ಮುಖ ಕೂಡ ನೋಡುವುದಿಲ್ಲ. ಬೈಲಿಯ ಒಂದು ಪ್ಯಾನೆಲ್ 10 ಅಡಿ ಉದ್ದ. ಆರು ಜನ ಹೊರಬೇಕು, ಒಬ್ಬನ ಹೆಜ್ಜೆ ತಪ್ಪಿದರೆ ಇನ್ನೊಬ್ಬನ ಬೆರಳು ಹೋಗುತ್ತದೆ. ಆ ಆರು ಜನರನ್ನು ನಡೆಸುವವನಿಗೆ ಏನು ಹೆಸರು? ನಾಗರಿಕ ಭಾಷೆಯಲ್ಲಿ ಸೈಟ್ ಸೂಪರ್‌ವೈಸರ್. ಆದರೆ ಮಿಲಿಟರಿ ಎಂದ ಕೂಡಲೇ ನಮ್ಮವರ ತಲೆಗೆ ಬರುವುದು ಬಂದೂಕು, ಮೀಸೆ, ರಮ್ಮು. ಆಮೇಲೆ ಆ ಪ್ರಶ್ನೆ: "ಸೆಕ್ಯುರಿಟಿಗೆ ಸೇರ್ಕೋತೀರಾ?"

ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ರಾತ್ರಿಯೆಲ್ಲ ನಿಂತು ನೋಡಿ, ಗೊತ್ತಾಗುತ್ತದೆ. ಆದರೆ ಒಬ್ಬ ಡ್ರೈವರ್ ನಿವೃತ್ತನಾದರೆ "ಅಡುಗೆ ಮಾಡ್ತೀರಾ?" ಅಂತ ಕೇಳ್ತೀರಾ?

ನನ್ನ ಅಳಿಯ ಸಾಫ್ಟ್‌ವೇರಿನವನು, ತಣ್ಣಗೆ ಮಾತಾಡುವ ಹುಡುಗ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ: "ಮಾವ, ಕಂಪನಿಗಳ ಕಷ್ಟಾನೂ ನೋಡಿ. ಅವ್ರಿಗೆ ಡಿಗ್ರಿ ಬೇಕು, ಆಟೋಕ್ಯಾಡ್, ಪ್ರೈಮಾವೆರಾ ಥರದ ಸಾಫ್ಟ್‌ವೇರ್ ಬರ್ಬೇಕು. ಸೈನ್ಯದಲ್ಲಿ ಲಾಭ ನಷ್ಟದ ಲೆಕ್ಕ ಇರಲ್ಲ."

ಸರಿ ಕಣಪ್ಪ. ಪ್ರೈಮಾವೆರಾ ಎರಡು ತಿಂಗಳಲ್ಲಿ ಕಲಿಯಬಹುದು. ಕಬ್ಬಿಣವನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಅದರ ಕೆಳಗೆ ಇಲ್ಲ ಎನ್ನುವುದು ಹತ್ತು ಅಡಿ ದೂರದಿಂದ ಕಣ್ಣಿಗೆ ಬೀಳಬೇಕಲ್ಲ, ಅದನ್ನು ಯಾವ ಕೋರ್ಸ್ ಕಲಿಸುತ್ತದೆ? ಲೆಕ್ಕ ಇಲ್ಲವಂತೆ! ಎಂಬಿ, ಅಂದರೆ ಮೆಷರ್‌ಮೆಂಟ್ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದರೆ ಪಕ್ಕದಲ್ಲಿ ಸಹಿ ಹಾಕಿ ಉತ್ತರ ಕೊಟ್ಟವರು ನಾವು.

ಡಿಗ್ರಿಯ ಮಾತಿಗೆ ಬಂದರೆ ಇನ್ನೂ ಚೆಂದ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೈನ್ಯದಲ್ಲಿದ್ದವನು ಕೇಂದ್ರದ ಗ್ರೂಪ್ ಸಿ ಹುದ್ದೆಗೆ ಪದವೀಧರನಿಗೆ ಸಮ ಎಂದು ಸರ್ಕಾರ ಒಪ್ಪುತ್ತದೆ. ಆದರೆ ತಾಂತ್ರಿಕ ಓದು ಕಡ್ಡಾಯ ಇರುವ ಹುದ್ದೆಗೆ ಆ ಕಾಗದ ನಡೆಯುವುದಿಲ್ಲ. ಅಂದರೆ ಜೀವನಪೂರ್ತಿ ಕಟ್ಟಿದವನು ಗುಮಾಸ್ತ ಆಗಬಹುದು, ಕಟ್ಟುವ ಕೆಲಸಕ್ಕೆ ಮಾತ್ರ ಹೋಗುವ ಹಾಗಿಲ್ಲ. ಪುಣೆಯ ಸಿಎಂಇಯಲ್ಲಿ, ಅಂದರೆ ಸೈನ್ಯದ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಕೋರ್ಸ್ ಮಾಡಿದ್ದೇನೆ ಎಂದರೆ ಖಾಸಗಿ ಕಂಪನಿಯ ಎಚ್‌ಆರ್ ಹುಡುಗಿ "ಅದು ಯಾವ ಪ್ರೈವೇಟ್ ಕಾಲೇಜು ಸರ್?" ಎಂದು ಕೇಳಿದ್ದನ್ನು ನಾನೇ ಅನುಭವಿಸಿದ್ದೇನೆ. ಪಾಪ, ಅವಳದೇನು ತಪ್ಪು.

ಹಾಗಂತ ನಮ್ಮ ತಪ್ಪೇ ಇಲ್ಲ ಅಂತಲೂ ಅಲ್ಲ. ನಾನು ಬರೆದ ಮೊದಲ ಬಯೋಡೇಟಾ ನೋಡಿ ಮಗಳು ಬಿದ್ದು ಬಿದ್ದು ನಕ್ಕಿದ್ದಳು. "ಬಿ/ಆರ್ ಅಂದ್ರೆ ಏನಪ್ಪಾ? ಜಿಇ ಅಂದ್ರೆ ಯಾರು?" ಬಿಲ್ಡಿಂಗ್ಸ್ ಅಂಡ್ ರೋಡ್ಸ್, ಗ್ಯಾರಿಸನ್ ಇಂಜಿನಿಯರ್ ಎಂದು ಬಿಡಿಸಿ ಹೇಳಿದೆ. "ಸುಮ್ನೆ ಸಿವಿಲ್ ಅಂತ ಬರಿ" ಎಂದು ಅವಳೇ ಕೂತು ಎಲ್ಲ ತಿದ್ದಿದಳು. ಕೆಲಸವೂ ಸಿಕ್ಕಿತು. ಸೇರಿದ ಮೊದಲ ವಾರ ನಾನು ಏನು ಮಾಡಿದೆ? ಬೆಳಿಗ್ಗೆ ಏಳೂವರೆಗೆ ಗಾರೆಯವರು, ಬಾರ್ ಬೆಂಡಿಂಗಿನವರು, ಎಲ್ಲರನ್ನೂ ಫಾಲ್ ಇನ್ ಮಾಡಿಸಿ, ಅಂದರೆ ಸಾಲಾಗಿ ನಿಲ್ಲಿಸಿ, ಹಾಜರಿ ತಗೊಂಡೆ. ಮೂರನೇ ದಿನ ಅರ್ಧ ಜನ ಪಕ್ಕದ ಸೈಟಿಗೆ ಹೋಗಿದ್ದರು. ಆರ್ಡರ್ ಕೊಟ್ಟರೆ ಕೆಲಸ ಆಗುವ ಲೋಕ ಬೇರೆ, "ಅಣ್ಣಾ, ಇದೊಂದು ಮುಗಿಸ್ಕೊಡು" ಎಂದು ಟೀ ಕುಡಿಸುವ ಲೋಕ ಬೇರೆ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಆದರೆ ಆ ಒಂದು ವರ್ಷ ಒಬ್ಬರು ನನ್ನನ್ನು ಸಹಿಸಿಕೊಂಡರಲ್ಲ! ಹವಾಲ್ದಾರನಿಗೆ ಅದೂ ಸಿಗಲಿಲ್ಲ.

ಈಗ ಹೇಳಲೇಬೇಕಾದ ಮಾತು. ಬರೆಯದೆ ಪೋಸ್ಟ್ ಮಾಡಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ.

ಎರಡು ವರ್ಷದ ಹಿಂದೆ ಅವನು ಪೆನ್ಷನ್ ಬಂದವನೇ ನನಗೆ ಫೋನ್ ಮಾಡಿದ್ದ. "ಸಾಬ್, ಸೈಟಲ್ಲಿ ಏನಾದ್ರೂ ಇದ್ರೆ ನೋಡಿ. ಮಗಳದ್ದು ಪಿಯುಸಿ." ನಾನು ಆಗ ಒಂದು ಸ್ಲ್ಯಾಬಿನ ಗಡಿಬಿಡಿಯಲ್ಲಿದ್ದೆ. "ಸದ್ಯಕ್ಕೆ ಸೆಕ್ಯುರಿಟಿಗೆ ಸೇರ್ಕೊಳೋ, ಆಮೇಲೆ ನೋಡೋಣ" ಎಂದು ಒಂದು ಏಜೆನ್ಸಿಯ ನಂಬರ್ ಕಳಿಸಿದೆ. ಆಮೇಲೆ ನೋಡಲಿಲ್ಲ. ದೀಪಾವಳಿಗೆ ಅವನ ಮೆಸೇಜ್ ಬರುತ್ತಿತ್ತು, ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ.

ಇವತ್ತು ಗೇಟಿನಲ್ಲಿ ಅವನು ಅದನ್ನು ಎತ್ತಲೇ ಇಲ್ಲ. ಟೀ ತರಿಸಿದ. ನಾನು ದುಡ್ಡು ಕೊಡಲು ಹೋದರೆ ಕೈ ಹಿಡಿದುಕೊಂಡ.

ಸಂಜೆ ಕೂತು ಅವನ ಬಯೋಡೇಟಾ ಬರೆದಿದ್ದೇನೆ, ಮಗಳು ತಿದ್ದಿದ್ದಾಳೆ. ಬಾಮೈದನಿಗೂ ಆ ರಿಜಿಸ್ಟರ್ ಪುಟಗಳ ಫೋಟೋ ಕಳಿಸಿದ್ದೇನೆ. ಈಗ ಅವನಿಗೆ ನಿದ್ದೆ ಇಲ್ಲ, ಅದು ಬೇರೆ ವಿಷಯ.

ಸ್ನೇಹಿತರೇ, ಕೆಳಗೆ ಸೆಲ್ಯೂಟ್ ಇಮೋಜಿ ಹಾಕಬೇಡಿ. ‘ನಮ್ಮ ಹೆಮ್ಮೆಯ ಯೋಧ’ ಅಂತಲೂ ಬರೆಯಬೇಡಿ. ಬೆಂಗಳೂರು, ಮೈಸೂರು, ಹಾಸನ ಕಡೆ ಯಾರ ಸೈಟಿನಲ್ಲಾದರೂ ಕ್ವಾಲಿಟಿ ನೋಡಿಕೊಳ್ಳುವ ಕೆಲಸ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಕನ್ನಡ, ಹಿಂದಿ, ತಮಿಳು ಮೂರೂ ಬರುತ್ತದೆ. ಆಟೋಕ್ಯಾಡ್ ಬರುವುದಿಲ್ಲ, ಕಲಿಯುತ್ತಾನೆ. ಒಂದು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಸೈಟಿಗೆ ಬರುವ ಲಾರಿಗೆ ಡ್ರೈವರ್ ನೀರು ಹಾಕಿದರೆ ಇವನು ವಾಪಸ್ ಕಳಿಸುತ್ತಾನೆ. ಅದಕ್ಕೆ ಒಪ್ಪುವವರು ಮಾತ್ರ ಬನ್ನಿ.