ಕಿಡ್ನಿ ಕಲ್ಲಿನ ಲೇಸರ್ ಆಪರೇಷನ್ ಮತ್ತು ಐದು ದಿನದ ಗುಳಿಗೆ

ಲೇಸರ್‌ನಲ್ಲಿ ಕಲ್ಲು ಒಡೆಸಿಕೊಂಡು ಮನೆಗೆ ಹೊರಟಾಗ ಚೀಟಿಯಲ್ಲಿ ಆ್ಯಂಟಿಬಯಾಟಿಕ್ ಇಲ್ಲದಿದ್ದರೆ ಡಾಕ್ಟರು ಬರೆಯುವುದು ಮರೆತರೇನೋ ಅಂತ ಮನೆಯವರಿಗೆ ಗಾಬರಿಯಾಗುತ್ತದೆ. ಮರೆತದ್ದಲ್ಲ. ಮೂತ್ರದ ದಾರಿಯಲ್ಲಿ ಕಲ್ಲಿನ ತನಕ ಹಾಕುವ ಕ್ಯಾಮೆರಾ ಇರುವ ಸಪೂರ ನಳಿಕೆ, ಅಂದರೆ ಸ್ಕೋಪ್, ಒಳಗೆ ಹೋಗುವ ಮೊದಲಿನ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಕೊಟ್ಟ ಒಂದು ಡೋಸ್ ಮಾಡುವ ಕೆಲಸವನ್ನು, ಆಮೇಲೆ ನುಂಗುವ ಐದು ದಿನದ ಗುಳಿಗೆ ಮಾಡಲಾರದು. ಆಪರೇಷನ್‌ಗೆ ಮೊದಲು ಸೋಂಕಿಲ್ಲದವರಿಗೆ 24 ಗಂಟೆ ದಾಟಿ ಔಷಧಿ ಮುಂದುವರಿಸಿದರೆ ಲಾಭವಿಲ್ಲ. ಭೇದಿ ಶುರುವಾಗಬಹುದು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತವೆ.

ಆ ಡೋಸ್ ಯಾವ ಔಷಧಿಯದ್ದಾಗಿರಬೇಕು ಅನ್ನುವುದನ್ನು ಮೂತ್ರದ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ) ಹೇಳುತ್ತದೆ. ವರದಿಗೆ ಎರಡು ಮೂರು ದಿನ ಬೇಕು, ಹಾಗಾಗಿ ಅಡ್ಮಿಟ್ ಆಗುವ ದಿನ ಬೆಳಿಗ್ಗೆ ಕೊಟ್ಟ ಸ್ಯಾಂಪಲ್ ಈ ನಿರ್ಧಾರಕ್ಕೆ ಒದಗುವುದಿಲ್ಲ. ಮೊದಲ ಧಾರೆ ಬಿಟ್ಟು ನಡುವಿನ ಧಾರೆ ಹಿಡಿಯಿರಿ, ಬಾಟಲಿಯ ಅಂಚು ಮೈಗೆ ತಾಗದಿರಲಿ, ಒಂದೆರಡು ಗಂಟೆಯಲ್ಲಿ ಲ್ಯಾಬ್ ತಲುಪಲಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಕ್ಯಾಥೆಟರ್ (ಮೂತ್ರ ಚೀಲಕ್ಕೆ ಇಳಿಯಲು ಹಾಕುವ ನಳಿಕೆ) ಇದ್ದವರ ಸ್ಯಾಂಪಲ್ ಅನ್ನು ಚೀಲದಿಂದ ಬಸಿಯಲೇಬಾರದು. ಚೀಲದಲ್ಲಿ ನಿಂತ ಮೂತ್ರದಲ್ಲಿ ಬೆಳೆದದ್ದು ಮೂತ್ರಕೋಶದ ಸುದ್ದಿ ಹೇಳುವುದಿಲ್ಲ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ, ಉರಿ-ಜ್ವರ ಏನೂ ಇಲ್ಲದಿದ್ದರೂ, ಅದಕ್ಕೆ ತಕ್ಕ ಔಷಧಿ ಕೊಟ್ಟೇ ಸ್ಕೋಪ್ ಹಾಕಬೇಕು. ನಮ್ಮ ಕಡೆಯ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಬಹಳಷ್ಟು ಸಲ ನಾಟುವುದೇ ಇಲ್ಲ, ಅಭ್ಯಾಸಬಲದಿಂದ ಅದನ್ನೇ ಬರೆಯುವುದು ಸರಿಯಲ್ಲ. ನೈಟ್ರೋಫ್ಯುರಾಂಟಾಯಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಮೂತ್ರದಲ್ಲಿ ಶೇಖರವಾಗುತ್ತದೆಯೇ ಹೊರತು ರಕ್ತದಲ್ಲಿ, ಕಿಡ್ನಿಯ ಅಂಗಾಂಶದಲ್ಲಿ ಸಾಕಷ್ಟು ಸಿಗದು. ಈ ಆಪರೇಷನ್‌ಗೆ ಅದು ರಕ್ಷಣೆಯಲ್ಲ.

ಇಷ್ಟೆಲ್ಲ ಮಾಡಿಯೂ ಜ್ವರ ಬರುವುದುಂಟು. ಮೂತ್ರಕೋಶದ ಮೂತ್ರ ಶುದ್ಧವಾಗಿದ್ದು, ಕಲ್ಲಿನ ಒಳಪದರದಲ್ಲಿ ಬ್ಯಾಕ್ಟೀರಿಯಾ ಅಡಗಿರಬಹುದು. ಲೇಸರ್ ಆ ಕಲ್ಲನ್ನು ಪುಡಿ ಮಾಡಿದಾಗ ಎಲ್ಲವೂ, ಕಲ್ಲು ಸ್ಪಷ್ಟವಾಗಿ ಕಾಣಲು ಒಳಗೆ ಹರಿಸುವ ಸಲೈನ್‌ಗೆ ಬೆರೆಯುತ್ತದೆ. ಆ ಹೊತ್ತಿಗೆ ಕಿಡ್ನಿಯೊಳಗಿನ ಒತ್ತಡ ಸುಮಾರು 40 ಸೆಂಟಿಮೀಟರ್ ನೀರಿನ ಮಟ್ಟ ಮೀರಿದರೆ, ಕೊಳೆ ನೀರು ಹಿಮ್ಮುಖವಾಗಿ ನೇರ ರಕ್ತಕ್ಕೆ ನುಗ್ಗುತ್ತದೆ. ಕಲ್ಲು ಕಾಣಲಿ ಅಂತ ಕೈಪಂಪ್ ಜೋರಾಗಿ ಒತ್ತಿದ ಕೆಲವೇ ಕ್ಷಣ ಸಾಕು. ಆದ್ದರಿಂದ ಸಲೈನ್ ಚೀಲದ ಎತ್ತರ, ನೀರು ಹೊರಬರಲು ಆ್ಯಕ್ಸೆಸ್ ಶೀತ್ (ಸ್ಕೋಪ್ ಹೋಗುವ ಹೊರಕವಚದ ಕೊಳವೆ), ಒಂದೂವರೆ ಗಂಟೆಯೊಳಗೆ ಕೆಲಸ ಮುಗಿಸುವುದು, ಇವು ನನ್ನ ಲೆಕ್ಕದಲ್ಲಿ ಆ್ಯಂಟಿಬಯಾಟಿಕ್‌ನಷ್ಟೇ ದೊಡ್ಡ ಔಷಧಿ. ಸ್ಕೋಪ್ ಮೇಲೇರಿದ ಕೂಡಲೇ ಮಜ್ಜಿಗೆಯಂಥ ಕದಡಿದ ಮೂತ್ರ ಇಳಿದರೆ ಕಲ್ಲನ್ನು ಮುಟ್ಟಬಾರದು. ಸ್ಯಾಂಪಲ್ ತೆಗೆದು, ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಯಲು ಒಳಗಿಡುವ ಸಣ್ಣ ಕೊಳವೆ) ಹಾಕಿ ಹೊರಬರಬೇಕು. "ಅರ್ಧಕ್ಕೇ ಬಿಟ್ಟರು" ಅಂತ ದಯವಿಟ್ಟು ಡಾಕ್ಟರನ್ನು ದೂರಬೇಡಿ, ಅಲ್ಲಿ ನಿಲ್ಲಿಸಿದ್ದೇ ಜೀವ ಉಳಿಸುವ ಕೆಲಸ.

ಸ್ಟೆಂಟ್ ಒಳಗಿದ್ದಾಗ ಉರಿ, ಪದೇಪದೇ ಮೂತ್ರ, ಸ್ವಲ್ಪ ಕೆಂಪು ಬಣ್ಣ, ರಿಪೋರ್ಟ್‌ನಲ್ಲಿ ಪಸ್ ಸೆಲ್ಸ್ (ಕೀವಿನ ಕಣಗಳು) ಇವೆಲ್ಲ ಇರುವಂಥವೇ. ಅಷ್ಟಕ್ಕೇ ಮೆಡಿಕಲ್ ಶಾಪ್‌ಗೆ ಹೋಗಿ ಗುಳಿಗೆ ತರಬೇಡಿ. ಸ್ಟೆಂಟ್ ತೆಗೆಸುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ದಿನ ಕಳೆದಂತೆ ಅದರ ಮೇಲೆ ಬ್ಯಾಕ್ಟೀರಿಯಾದ ಲೋಳೆಪದರ ಕಟ್ಟುತ್ತದೆ, ಅದರೊಳಗೆ ಔಷಧಿ ಇಳಿಯುವುದು ಕಷ್ಟ.

ಜ್ವರ 100.4 ಡಿಗ್ರಿ ದಾಟಿದರೆ, ಮೈ ನಡುಗುವ ಚಳಿ ಬಂದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿ ಮಂಪರು ಕವಿದರೆ ಬೆಳಗಾಗಲಿ ಅಂತ ಕಾಯಬೇಡಿ. ಡೋಲೋ ನುಂಗಿ ಮಲಗಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಕಲ್ಲಿನ ಆಪರೇಷನ್ ಆಗಿದೆ, ಒಳಗೆ ಸ್ಟೆಂಟ್ ಇದೆ" ಅಂತ ಇರಲಿ, ಕಲ್ಚರ್ ರಿಪೋರ್ಟ್ ಕೈಯಲ್ಲಿರಲಿ.