ಸಾವಿರ ಕಟ್ಟಿ ಸಿಕ್ಕಿಬಿದ್ದೆ

ತೀರ್ಥಹಳ್ಳಿ ಕಡೆ ಮಳೆ ಹಿಡೀತು ಅಂದ್ರೆ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟೋ ಕೊನೇ ದಿನ ಮಾತ್ರ ತಪ್ಪದೆ ಬರುತ್ತೆ. ಹೋದ ತಿಂಗಳು ಮನೆ ಹಿಂದಿನ ದಿಬ್ಬ ಹತ್ತಿ, ಕೊಡೆ ಹಿಡ್ಕೊಂಡು, ಒದ್ದೆ ಬೆರಳಲ್ಲಿ ಆ್ಯಪ್ ತೆಗೆದೆ. ಬಾಕಿ 20,000. ಪಕ್ಕದಲ್ಲೇ ನಗ್ತಾ ಇತ್ತು, 'ಮಿನಿಮಮ್ ಡ್ಯೂ 1,000', ಅಂದ್ರೆ ಸದ್ಯಕ್ಕೆ ಇಷ್ಟಾದ್ರೂ ಕಟ್ಟು ಅಂತ. ಅಡಿಕೆ ಕೊಟ್ಟ ಮೇಲೆ ಉಳಿದಿದ್ದು ನೋಡ್ಕೊಳ್ಳೋಣ ಅಂತ ಸಾವಿರ ಒತ್ತಿ ಇಳಿದೆ. ಅಲ್ಲೇ ಎಡವಟ್ಟಾಗಿದ್ದು.

ಮಿನಿಮಮ್ ಕಟ್ಟಿದ್ರೆ ತಪ್ಪೋದು ಲೇಟ್ ಫೀ ಅಷ್ಟೇ, ಬಡ್ಡಿ ಅಲ್ಲ! ನನ್ನ ಕಾರ್ಡಿಗೆ ತಿಂಗಳಿಗೆ ಶೇ. 3.5, ವರ್ಷಕ್ಕೆ 42. ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಅದೂ ಖರೀದಿ ಮಾಡಿದ ದಿನದಿಂದಲೇ ಲೆಕ್ಕ. ಬಾಕಿ ಉಳಿಸ್ಕೊಂಡ ತಪ್ಪಿಗೆ, ಕೊಳೆ ರೋಗದ ಔಷಧಿಗೆ ಅಂತ ಆಮೇಲೆ ತಂದ ಮೈಲುತುತ್ತಿಗೂ ಅವತ್ತಿಂದಲೇ ಬಡ್ಡಿ ಓಡಿದೆ. ಇದನ್ನೆಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರ್ತಾರೆ. 'ಮಿನಿಮಮ್' ಮಾತ್ರ ದಪ್ಪಕ್ಕೆ.

ಅಪ್ಪಯ್ಯನಿಗೆ ಸ್ಟೇಟ್‌ಮೆಂಟ್ ಓದಿ ಹೇಳಿದೆ. ಕವಳ ಉಗಿದು ಬಂದು, "ಸೊಸೈಟಿ ಸಾಲಕ್ಕೂ ಇಷ್ಟು ಬಡ್ಡಿ ಇಲ್ವಲ್ಲೋ ಮಾರಾಯ!" ಅಂದ್ರು.

ಈಗ ಪೂರ್ತಿ ಕಟ್ಟೋಣ ಅಂತ ಮತ್ತೆ ದಿಬ್ಬ ಹತ್ತಿದೀನಿ. ಓಟಿಪಿ ಇನ್ನೂ ಬಂದಿಲ್ಲ. ಕಾಲಿಗೆ ಉಂಬಳ ಹತ್ತಿದೆ.